ಹತ್ತು ರೂಪಾಯಿಯ ಟೆಲಿಕಾಂ ಷೇರು ಅಗ್ಗವೇ?

ಮೊನ್ನೆ ಮಂಡಗದ್ದೆಗೆ ಹೋದಾಗ ಭಾವ ಕೇಳಿದ್ರು: "ಅಡಿಕೆ ದುಡ್ಡು ಬಂದಿದೆ. ಏರ್‌ಟೆಲ್‌ನ ಒಂದು ಷೇರಿನ ದುಡ್ಡಿಗೆ ವೊಡಾಫೋನ್ ಐಡಿಯಾದ್ದು ನೂರಕ್ಕಿಂತ ಹೆಚ್ಚು ಬರತ್ತಂತೆ, ತಗೊಳ್ಲಾ?"

ನಾನು ಅವರ ತೋಟವನ್ನೇ ತೋರಿಸಿದೆ. ಹತ್ತು ಪಾಲು ಮಾಡಿದ್ರೂ ಸಾವಿರ ಪಾಲು ಮಾಡಿದ್ರೂ ತೋಟ ಅಷ್ಟೇ ಅಲ್ವಾ? ಈ ಕಂಪನಿಯ ಷೇರುಗಳು 10,800 ಕೋಟಿಗೂ ಹೆಚ್ಚು. ತಲಾ ಹತ್ತು ರೂಪಾಯಿ ಹಿಡಿದ್ರೂ ಲಕ್ಷ ಕೋಟಿ ದಾಟತ್ತೆ. ಸಾಲ ಬೇರೆ ಇದೆ.

ಪಾಲು ಹೆಚ್ಚುತ್ತಲೂ ಹೋಗತ್ತೆ. 2024ರ ಏಪ್ರಿಲ್‌ನಲ್ಲಿ 11 ರೂಪಾಯಿಯಂತೆ ಹೊಸ ಷೇರು ಮಾರಿ 18,000 ಕೋಟಿ ಎತ್ತಿದರು. 2025ರಲ್ಲಿ ಸರ್ಕಾರಕ್ಕೆ ಕೊಡಬೇಕಿದ್ದ ತರಂಗಾಂತರ ಬಾಕಿಯಲ್ಲಿ 36,950 ಕೋಟಿಯನ್ನು ತಲಾ 10 ರೂಪಾಯಿಯ ಷೇರಾಗಿ ಬದಲಾಯಿಸಿದರು. ಸರ್ಕಾರದ ಪಾಲು ಸುಮಾರು ಶೇ 49 ಆಯ್ತು. ಬಾಕಿ ಇಳಿದಿದ್ದು ಒಳ್ಳೇದೇ. ಆದ್ರೆ ನಾಳೆ ಲಾಭ ಬಂದ್ರೆ ಹಂಚಿಕೊಳ್ಳೋರು ಜಾಸ್ತಿ.

ನೋಡಬೇಕಾದ್ದು ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ. ಅದು ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದಲ್ಲಿ ಸಿಗತ್ತೆ. ಗ್ರಾಹಕರು ಸೇರ್ತಿದಾರಾ, ಬಿಡ್ತಿದಾರಾ ಅನ್ನೋದನ್ನ ಟ್ರಾಯ್ ಪ್ರಕಟಿಸತ್ತೆ. ಬಾಕಿ ಕಟ್ಟುವ ಗಡುವನ್ನೂ ನೋಡಿ.

"ಇಷ್ಟು ಬಿದ್ದಿದೆ, ಇನ್ನೆಷ್ಟು ಬೀಳತ್ತೆ?" ಅಂದ್ರು ಭಾವ. ರಿಲಯನ್ಸ್ ಕಮ್ಯುನಿಕೇಷನ್ಸ್ 2008ರ ಜನವರಿಯಲ್ಲಿ 800 ರೂಪಾಯಿ ಆಸುಪಾಸಿನಲ್ಲಿತ್ತು. 2017ರಲ್ಲಿ 20 ರೂಪಾಯಿಗೆ ಕೊಂಡವರೂ ಹಾಗೇ ಅಂದ್ಕೊಂಡಿರಬೇಕು. ಎರಡು ವರ್ಷದಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು.

"ಹಾಗಾದ್ರೆ ಬೇಡ್ವಾ?"

ಬೇಡ ಅನ್ನಲಿಲ್ಲ ನಾನು. ಕೊಳೆ ಔಷಧಿ ಖರ್ಚು, ಕೊನೆ ತೆಗೆಯೋರ ಕೂಲಿ ಎತ್ತಿಟ್ಟು, ಹೋದ್ರೂ ಮನೆ ನಡೆಯತ್ತೆ ಅನ್ನೋಷ್ಟು ಮಾತ್ರ ಹಾಕಿ ಅಂದೆ.