ವಿದ್ಯೆಯ ಲೆಕ್ಕ ಕೇಳುವವರಾರು?

ಹೋಟೆಲಿನ ಗಲ್ಲಾದಲ್ಲಿ ಹತ್ತು ರೂಪಾಯಿ ಕಡಮೆ ಬಿದ್ದರೆ ಅಂದಿನ ರಾತ್ರಿಯೇ ಲೆಕ್ಕ ಕೇಳುವುದುಂಟು. ವಿದ್ಯೆಯ ಲೆಕ್ಕ ಕೇಳಲು ಮಾತ್ರ ಎರಡು ದಶಕಗಳು ಹಿಡಿದ ಸಂಗತಿಯೊಂದು ನಮ್ಮ ದೇಶದಲ್ಲಿಯೇ ನಡೆಯಿತು.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಭೂವಿಜ್ಞಾನ ಪ್ರಾಧ್ಯಾಪಕ ವಿ. ಜೆ. ಗುಪ್ತರು, ಹಿಮಾಲಯದಲ್ಲಿ ದೊರೆತುವೆಂದು ಹೇಳಿ ಪಳೆಯುಳಿಕೆಗಳನ್ನು ಕುರಿತು ನೂರಾರು ಲೇಖನಗಳನ್ನು ಪ್ರಕಟಿಸಿದ್ದರು. ಅವುಗಳಲ್ಲಿ ಕೆಲವು ಮೊರಾಕ್ಕೊ, ಅಮೆರಿಕಗಳಲ್ಲಿ ಸಿಗುವಂಥವೆಂಬುದನ್ನು 1989ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಬಯಲಿಗೆಳೆದರು. ವಿಶ್ವವಿದ್ಯಾನಿಲಯದ ವಿಚಾರಣೆಯಲ್ಲಿ ದೋಷ ಸಾಬೀತಾಯಿತು; ಆದರೂ ಅವರ ಉದ್ಯೋಗ ಹೋಗಲಿಲ್ಲ. 2002ರಲ್ಲಿ ನಿವೃತ್ತರಾದರು.

ಹುಸಿ ಬರಹದ ಹಾನಿ ಬರೆದವನಲ್ಲಿಯೇ ನಿಲ್ಲದು. ಅದನ್ನು ನಂಬಿ ಇತರರು ನಡೆಸಿದ ಸಂಶೋಧನೆಯೂ ಕುಸಿಯುವುದು. ಹಗಲು ದುಡಿದು, ರಾತ್ರಿ ಓದಿ ಪದವಿ ಪಡೆದವನ ಬೆವರಿಗೆ ಬೆಲೆ ಉಳಿಯಬೇಕಾದರೆ, ವಿದ್ಯಾಮಂದಿರಗಳೂ ಗಲ್ಲಾದ ನಿಷ್ಠುರತೆಯನ್ನು ಕಲಿಯಬೇಕು.