ಆಸ್ಪತ್ರೆಯ ಸಾಲಿಗೆ ಕಂಪ್ಯೂಟರ್ ಮದ್ದು

ಯಡಿಯೂರಿನವರು ಬೆಳಿಗ್ಗೆ ಜಯನಗರದ ಜನರಲ್ ಆಸ್ಪತ್ರೆಗೇ ಹೋಗಲಿ, ಬಡಾವಣೆಯ ಕ್ಲಿನಿಕ್ಕಿಗೇ ಹೋಗಲಿ, ಮೊದಲು ಕೇಳುವ ಪ್ರಶ್ನೆ: 'ನನ್ನ ಮುಂದೆ ಎಷ್ಟು ಜನ ಇದ್ದಾರೆ?' ಈ ಕಾಯುವಿಕೆ ಆರೋಗ್ಯದ ವಿಷಯವೂ ಹೌದು. ರಕ್ತಪರೀಕ್ಷೆಗೆಂದು ಹಸಿದು ಬಂದ ಸಕ್ಕರೆ ಕಾಯಿಲೆಯವರಿಗೆ ತಲೆ ಸುತ್ತಬಹುದು. ಕೆಮ್ಮುವವರ ಪಕ್ಕದಲ್ಲಿ ಕುಳಿತ ಮಗುವಿಗೆ ಸೋಂಕು ತಗಲಬಹುದು. ಕಾದು ಬೇಸತ್ತು ಮನೆಗೆ ಮರಳಿದವರ ಕಾಯಿಲೆ ಹಾಗೆಯೇ ಉಳಿಯುತ್ತದೆ.

ಸಾಲು ಬೆಳೆಯುವುದೇಕೆ?

ವೈದ್ಯರೊಬ್ಬರು ಒಬ್ಬ ರೋಗಿಯನ್ನು ನೋಡಲು ಸರಾಸರಿ 10 ನಿಮಿಷ ತೆಗೆದುಕೊಳ್ಳುತ್ತಾರೆ ಎನ್ನೋಣ. ಆದರೆ ಒಬ್ಬರಿಗೆ 4 ನಿಮಿಷ ಸಾಕು, ಇನ್ನೊಬ್ಬರಿಗೆ 25 ಬೇಕು. ರೋಗಿಗಳು ಬರುವ ಹೊತ್ತೂ ಅನಿಶ್ಚಿತ. ಸಾಲುಗಳ ಗಣಿತದ ಸರಳ ಸೂತ್ರದ ಪ್ರಕಾರ, ಗಂಟೆಗೆ ಸರಾಸರಿ 4 ಮಂದಿ ಬರುತ್ತಿದ್ದರೆ ಕಾಯುವಿಕೆ ಸುಮಾರು 20 ನಿಮಿಷ. 5 ಮಂದಿಯಾದರೆ, ಕ್ರಮೇಣ ಅದು 50 ನಿಮಿಷಕ್ಕೆ ಏರುತ್ತದೆ! ಹೆಚ್ಚಾದದ್ದು ಗಂಟೆಗೆ ಒಬ್ಬರು ಮಾತ್ರ. ವೈದ್ಯರು ನಿಧಾನ ಮಾಡಿದ್ದಾರೆಂದು ಇದರಿಂದ ಹೇಳಲಾಗದು.

ಕಂಪ್ಯೂಟರ್ ಏನು ಮಾಡುತ್ತದೆ?

ನಿಜವಾದ ಆಸ್ಪತ್ರೆಯಲ್ಲಿ ಚೀಟಿ, ತಪಾಸಣೆ, ರಕ್ತಪರೀಕ್ಷೆ, ಔಷಧಿ ಎಂದು ಸಾಲಿನ ಮೇಲೆ ಸಾಲು. ಇಲ್ಲಿ ಸೂತ್ರ ಸೋಲುತ್ತದೆ. ಆಗ ಸಿಮ್ಯುಲೇಶನ್ ಎಂಬ ವಿಧಾನ ನೆರವಿಗೆ ಬರುತ್ತದೆ. ಬ್ಯಾಂಕು, ಕಾರ್ಖಾನೆಗಳಲ್ಲೂ ಇದು ಬಳಕೆಯಲ್ಲಿದೆ. ಕಂಪ್ಯೂಟರಿನೊಳಗೆ ಆಸ್ಪತ್ರೆಯ ಅಣಕು ಮಾದರಿ ಕಟ್ಟಿ, ಅದೇ ದಿನವನ್ನು ಸಾವಿರ ಬಾರಿ ನಡೆಸಿ ನೋಡುತ್ತಾರೆ. ಇನ್ನೊಂದು ಔಷಧಿ ಕೌಂಟರ್ ತೆರೆದರೆ ಹೇಗೆ? ಹಿರಿಯರಿಗೆ ಬೇರೆ ಸಮಯ ಕೊಟ್ಟರೆ ಹೇಗೆ? ರೋಗಿಗಳಿಗೆ ತೊಂದರೆ ಕೊಡದೆ ಇದನ್ನೆಲ್ಲ ಮೊದಲೇ ಪರೀಕ್ಷಿಸಬಹುದು.

ಇದು ಹೊಸದೇನಲ್ಲ. ಕಂಪ್ಯೂಟರ್ ಅಪರೂಪವಾಗಿದ್ದ 1952ರಲ್ಲೇ ಇಂಗ್ಲೆಂಡಿನ ನಾರ್ಮನ್ ಬೈಲಿ ಹೊರರೋಗಿ ವಿಭಾಗಗಳ ಸಾಲನ್ನು ಹೀಗೆ ಅಧ್ಯಯನ ಮಾಡಿದರು. ಆರಂಭಕ್ಕೆ ಇಬ್ಬರನ್ನು ಕರೆಯಿರಿ, ಉಳಿದವರಿಗೆ ಸರಾಸರಿ ತಪಾಸಣೆಯ ಅಂತರದಲ್ಲಿ ಒಬ್ಬೊಬ್ಬರಂತೆ ಸಮಯ ಕೊಡಿ ಎಂಬುದು ಅವರ ಸಲಹೆ. ನಮ್ಮ ಊರಿನಲ್ಲೂ 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಜ್ಞರು ಇದೇ ವಿಧಾನವನ್ನು ಕೋವಿಡ್‌ಗೆ ಅನ್ವಯಿಸಿದರು. ಬೆಂಗಳೂರಿನ ಮನೆ, ಶಾಲೆ, ಕಚೇರಿಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಯಾವ ನಿರ್ಬಂಧದಿಂದ ಸೋಂಕು ಎಷ್ಟು ತಗ್ಗೀತು ಎಂದು ಪರೀಕ್ಷಿಸಿದರು.

ಆದರೆ ಒಂದು ಎಚ್ಚರಿಕೆ: ತಪ್ಪು ಲೆಕ್ಕ ಕೊಟ್ಟರೆ ಕಂಪ್ಯೂಟರಿನ ಉತ್ತರವೂ ತಪ್ಪು. ರೋಗಿಗಳು ಬಂದ ಮತ್ತು ಹೋದ ಸಮಯವನ್ನು ಆಸ್ಪತ್ರೆ ಸರಿಯಾಗಿ ಬರೆದಿಡಬೇಕು.

ನೀವು ಏನು ಮಾಡಬಹುದು?

* ಸಮಯ ಕೊಟ್ಟಿದ್ದರೆ ಆ ಸಮಯಕ್ಕೇ ಹೋಗಿ. ಹೋಗಲಾಗದಿದ್ದರೆ ಮೊದಲೇ ತಿಳಿಸಿ. ಇನ್ನೊಬ್ಬರಿಗೆ ಅದು ಸಿಗುತ್ತದೆ.
* ಹಳೆಯ ಚೀಟಿ, ವರದಿ, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.
* ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಹೇಗೆಂದು ವೈದ್ಯರನ್ನು ಮುಂಚೆಯೇ ಕೇಳಿಕೊಳ್ಳಿ.
* ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು ಕಂಡರೆ ಸಾಲಿನಲ್ಲಿ ನಿಲ್ಲಲೇಬೇಡಿ. 108ಕ್ಕೆ ಕರೆ ಮಾಡಿ ಅಥವಾ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.