ನಡುವಯಸ್ಸಿನಲ್ಲಿ ಟ್ರಯಥ್ಲಾನ್: ಉತ್ಸಾಹದೊಡನೆ ವಿವೇಕವೂ ಇರಲಿ

ಶರಣರು ದೇಹವನ್ನು ದಂಡಿಸುವುದನ್ನು ಧರ್ಮವೆನ್ನಲಿಲ್ಲ. ಅದನ್ನು ದೇಗುಲವೆಂದು ಕಂಡು, ಕಾಯಕಕ್ಕೂ ಲಿಂಗಪೂಜೆಗೂ ದಾಸೋಹಕ್ಕೂ ಸಮರ್ಥವಾಗಿ ಇರಿಸಿಕೊಳ್ಳಬೇಕೆಂದು ಕಲಿಸಿದರು. ನಲವತ್ತು ದಾಟಿದ ನಮ್ಮಲ್ಲಿ ಕೆಲವರು ಬೆಳಗಿನ ನಡಿಗೆಯಿಂದ ಓಟಕ್ಕೆ, ಓಟದಿಂದ ಟ್ರಯಥ್ಲಾನ್ ಸ್ಪರ್ಧೆಗೆ ಮನಸ್ಸು ಮಾಡುತ್ತಿದ್ದಾರೆ. ಈ ಒಲವು ಸ್ವಾಗತಾರ್ಹವಾದುದು. ಆದರೆ ಈ ವಯಸ್ಸಿನಲ್ಲಿ ಕಣಕ್ಕಿಳಿಯುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದನ್ನು ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಈ ಹೆಸರಿನ ಸ್ಪರ್ಧೆ ಮೊದಲಾಯಿತು; 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಒಲಿಂಪಿಕ್ಸ್‌ನ ದೂರದಲ್ಲಿ ಅರ್ಧದಷ್ಟಿರುವ ಕಿರು ಸ್ಪರ್ಧೆಗೆ ‘ಸ್ಪ್ರಿಂಟ್’ ಎಂದು ಹೆಸರು. ಇದರಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್ ಹಾಗೂ 5 ಕಿ.ಮೀ. ಓಟವಿರುತ್ತದೆ. ಹೊಸಬರು ಆರಿಸಿಕೊಳ್ಳಬೇಕಾದದ್ದು ಇದನ್ನೇ.

ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತದ ವೇಗ ತಗ್ಗುತ್ತದೆ, ಸ್ನಾಯುಗಳು ಕ್ಷೀಣಿಸುತ್ತವೆ. ಅಭ್ಯಾಸಕ್ಕೆ ಉಸಿರು ಬೇಗ ಪಳಗುತ್ತದೆಯಾದರೂ ಸ್ನಾಯುಗಳನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುಗಳು ಅಷ್ಟು ಬೇಗ ಪಳಗುವುದಿಲ್ಲ. ‘ಇನ್ನೂ ಓಡಬಲ್ಲೆ’ ಎನಿಸುವ ಹೊತ್ತಿಗೇ ಹಿಮ್ಮಡಿಯೋ ಮೊಣಕಾಲೋ ನೋಯತೊಡಗುವುದು ಇದರಿಂದಲೇ. ಮೂರು ಬಗೆಯ ವ್ಯಾಯಾಮದಲ್ಲಿ ಭಾರ ಹಂಚಿಹೋಗುವುದು ಟ್ರಯಥ್ಲಾನ್‌ನ ದೊಡ್ಡ ಅನುಕೂಲ. ಈಜು ಮತ್ತು ಸೈಕಲ್ ಸವಾರಿ ಕೀಲುಗಳಿಗೆ ಪೆಟ್ಟು ಕೊಡದೆ ಹೃದಯವನ್ನು ಬಲಪಡಿಸುತ್ತವೆ.

ಅಪಾಯವನ್ನೂ ಮರೆಮಾಚಬಾರದು. ಅಮೆರಿಕದಲ್ಲಿ 1985ರಿಂದ 2016ರವರೆಗೆ ನಡೆದ ಟ್ರಯಥ್ಲಾನ್‌ಗಳನ್ನು ಕುರಿತ ಅಧ್ಯಯನವೊಂದು 2017ರಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳು ಅದರಲ್ಲಿ ದಾಖಲಾಗಿದ್ದವು. ಸ್ಪರ್ಧಿಗಳ ಸಂಖ್ಯೆಗೆ ಹೋಲಿಸಿದರೆ ಇದು ಲಕ್ಷಕ್ಕೆ ಎರಡಕ್ಕಿಂತಲೂ ಕಡಿಮೆ. ಆದರೆ ಈಡಾದವರ ಸರಾಸರಿ ವಯಸ್ಸು ಸುಮಾರು 47, ಅವರಲ್ಲಿ ಶೇ. 85ರಷ್ಟು ಪುರುಷರು. 90 ಪ್ರಕರಣಗಳು ಈಜುವಾಗಲೇ ಸಂಭವಿಸಿದ್ದವು. ಶವಪರೀಕ್ಷೆಯ ವರದಿ ಲಭ್ಯವಿದ್ದವರಲ್ಲಿ ಅನೇಕರಿಗೆ ಗಣನೀಯ ಹೃದಯದೋಷವಿತ್ತು.

ಆದ್ದರಿಂದ ಅಭ್ಯಾಸಕ್ಕೆ ಮುನ್ನ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಹಾಗೂ ಇಸಿಜಿ ಪರೀಕ್ಷೆ ಮಾಡಿಸಿ, ಅವರು ಸೂಚಿಸಿದರೆ ಟ್ರೆಡ್‌ಮಿಲ್ ಪರೀಕ್ಷೆಗೂ ಒಳಗಾಗಬೇಕು. ಶ್ರಮಪಟ್ಟಾಗ ಎದೆ ಬಿಗಿಯುವುದು, ತಲೆಸುತ್ತು, ಪ್ರಜ್ಞೆ ತಪ್ಪುವುದು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಒಂದಿದ್ದರೂ ಮರೆಯದೆ ತಿಳಿಸಬೇಕು. ಜ್ವರವಿದ್ದಾಗ ವ್ಯಾಯಾಮ ಕೂಡದು.

ಈಗಾಗಲೇ ನಡೆಯುವ, ಅಲ್ಪಸ್ವಲ್ಪ ಈಜಬಲ್ಲವರಿಗೂ ಮೂರು ನಾಲ್ಕು ತಿಂಗಳ ಸಿದ್ಧತೆ ಬೇಕು. ವಾರಕ್ಕೆ ಎರಡೆರಡು ಬಾರಿ ಈಜು, ಸೈಕಲ್, ಓಟ. ಒಂದು ದಿನ ಪೂರ್ಣ ವಿಶ್ರಾಂತಿ. ಅಭ್ಯಾಸದ ಬಹುಪಾಲು, ಮಾತನಾಡುತ್ತಲೇ ಮಾಡಬಹುದಾದಷ್ಟು ನಿಧಾನವಾಗಿರಲಿ. ಸೈಕಲ್‌ನಿಂದ ಇಳಿದೊಡನೆ ಓಡತೊಡಗಿದರೆ ಕಾಲುಗಳು ಮರದ ಕೊರಡಿನಂತೆ ಭಾರವೆನಿಸುತ್ತವೆ. ಹತ್ತು ದಿನಕ್ಕೊಮ್ಮೆಯಾದರೂ ಇವೆರಡನ್ನು ಜೋಡಿಸಿ ರೂಢಿ ಮಾಡಿಕೊಳ್ಳಬೇಕು.

ಕೊಳದಲ್ಲಿ ಈಜಬಲ್ಲವರೆಲ್ಲ ಕೆರೆ, ಕಡಲುಗಳಲ್ಲಿ ಈಜಲಾರರು. ಅಲ್ಲಿ ಹಿಡಿದು ನಿಲ್ಲಲು ಗೋಡೆಯಿಲ್ಲ, ತಳ ಕಾಣುವುದಿಲ್ಲ, ಸುತ್ತಲಿನವರ ಕೈಕಾಲು ತಾಗುತ್ತದೆ. ಗಾಬರಿಯಾದಾಗ ಉಸಿರು ಕಟ್ಟುತ್ತದೆ. ಆದ್ದರಿಂದ ರಕ್ಷಕರಿರುವ ಕಡೆ, ಜೊತೆಗಾರರೊಡನೆ ತೆರೆದ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು. ಸ್ಪರ್ಧೆಯಲ್ಲಿ ಗುಂಪಿನ ಹಿಂದೆ, ಅಂಚಿನಲ್ಲಿ ಹೊರಡುವುದು ಕ್ಷೇಮ. ಇಷ್ಟಲಿಂಗಧಾರಿಗಳು ಶಿವದಾರ ಕೊರಳಿಗೆ ಸುತ್ತಿಕೊಳ್ಳದಂತೆ, ಯಾರ ಕೈಗೂ ಸಿಕ್ಕದಂತೆ ಮೈಗೆ ಬಿಗಿಯಾದ ಉಡುಪಿನೊಳಗೆ ಭದ್ರಪಡಿಸಿಕೊಳ್ಳಬೇಕು.

ಆಹಾರಕ್ಕಾಗಿ ದುಬಾರಿ ಪುಡಿಗಳನ್ನು ಅರಸಬೇಕಿಲ್ಲ. ರೊಟ್ಟಿ, ಕಾಳುಪಲ್ಯ, ಬೇಳೆ, ಮೊಸರು, ಶೇಂಗಾಗಳಿಂದ ಕೂಡಿದ ನಮ್ಮ ಸಸ್ಯಾಹಾರ ಇದಕ್ಕೆ ಸಾಕು. ಪ್ರತಿ ಊಟದಲ್ಲೂ ಕಾಳು ಅಥವಾ ಹೈನು ಇರಲಿ. ಸ್ಪರ್ಧೆಯ ಬೆಳಿಗ್ಗೆ ಹಗುರವಾದ, ರೂಢಿಯಲ್ಲಿರುವ ಆಹಾರವನ್ನೇ ಸೇವಿಸಿ, ಬಾಯಾರಿಕೆಗೆ ತಕ್ಕಂತೆ ನೀರು ಕುಡಿಯಬೇಕು.

ಮೊದಲ ಸ್ಪರ್ಧೆಯ ಗುರಿ ಕ್ಷೇಮವಾಗಿ ಮುಗಿಸುವುದಷ್ಟೇ. ಎದೆಯಲ್ಲಿ ನೋವು ಅಥವಾ ಅಸಹಜ ಏದುಸಿರು ಕಂಡರೆ ಕೈಯೆತ್ತಿ ನೆರವು ಕೇಳಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಮನೆಯಲ್ಲಿ ನಮಗಾಗಿ ಕಾಯುವವರಿದ್ದಾರೆ. ಸ್ಪರ್ಧೆ ಮುಗಿಸಿದ ಮರುದಿನ ಎಂದಿನಂತೆ ಪೂಜೆಗೆ ಕುಳಿತು ನಮ್ಮ ನಮ್ಮ ಕಾಯಕಕ್ಕೆ ತೆರಳಲು ಶಕ್ತರಾಗಿದ್ದರೆ ಅಭ್ಯಾಸ ಸರಿಯಾಗಿತ್ತೆಂದು ತಿಳಿಯಬಹುದು.